ಮಾವನ ನಡುಕಕ್ಕೊಂದು ಹೆಸರು

ಬಾಂದ್ರಾದ ಡಯಾಲಿಸಿಸ್ ಸೆಂಟರಿಗೆ ಸೋದರಮಾವನನ್ನು ಕರೆದುಕೊಂಡು ಹೋಗುವ ಶನಿವಾರದ ಸರದಿ ನನ್ನದು. ಅವರಿಗೆ ನಾಲ್ಕು ಗಂಟೆ ಯಂತ್ರ, ನನಗೆ ಪಕ್ಕದಲ್ಲೇ ನಾಲ್ಕು ಗಂಟೆ ಲ್ಯಾಪ್‌ಟಾಪ್. ಕಳೆದ ಮಳೆಗಾಲದಲ್ಲಿ ಎರಡು ವಾರದೊಳಗೆ ಮೂರು ಸಲ, ಯಂತ್ರ ಹಚ್ಚಿ ಗಂಟೆಯಾಗುವಷ್ಟರಲ್ಲಿ ಮಾವ ಹಲ್ಲು ಕಟಕಟ ಎನ್ನುವಂತೆ ನಡುಗಿದರು. ಮನೆ ಮುಟ್ಟುವಷ್ಟರಲ್ಲಿ ಜ್ವರ ಇಳಿದಿರುತ್ತಿತ್ತು. ರಕ್ತ ಪರೀಕ್ಷೆಯಲ್ಲಿ ಯಾವ ಬ್ಯಾಕ್ಟೀರಿಯವೂ ಬೆಳೆಯಲಿಲ್ಲ. ಪಕ್ಕದ ಬೆಡ್ಡಿನ ಅಜ್ಜಿಗೂ ಹಾಗೇ ಆದ ದಿನ ನನಗೆ ಅನುಮಾನ ಬಂತು. ಇಬ್ಬರ ಕಾಯಿಲೆ ಬೇರೆ, ಔಷಧ ಬೇರೆ. ಒಂದೇ ಆಗಿದ್ದದ್ದು ನೀರು.

ನಾವು ದಿನಕ್ಕೆ ಎರಡೋ ಮೂರೋ ಲೀಟರ್ ನೀರು ಕುಡಿಯುತ್ತೇವೆ. ಡಯಾಲಿಸಿಸ್ ಯಂತ್ರದಲ್ಲಿ ನಿಮಿಷಕ್ಕೆ ಸುಮಾರು 500 ಮಿಲಿಲೀಟರ್ ದ್ರವ ಹರಿಯುತ್ತದೆ. ನಾಲ್ಕು ಗಂಟೆಗೆ 120 ಲೀಟರ್. ಇಷ್ಟು ನೀರಿಗೂ ಮಾವನ ರಕ್ತಕ್ಕೂ ನಡುವೆ ಇರುವುದು ಒಂದು ತೆಳು ಪೊರೆ. ಭಾಂಡುಪ್‌ನಲ್ಲಿ ಶುದ್ಧೀಕರಿಸಿ ಕ್ಲೋರಿನ್ ಹಾಕಿ ಕಳಿಸಿದ ನೀರು ಕುಡಿಯಲು ಚೆನ್ನಾಗಿದೆ, ಆದರೆ ಆ ಕ್ಲೋರಿನ್ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. ಹಾಗಾಗಿ ಇದ್ದಿಲಿನ ಫಿಲ್ಟರಿನಲ್ಲಿ ಅದನ್ನು ಮೊದಲು ತೆಗೆಯಬೇಕು, ಆಮೇಲೆ ಆರ್‌ಒ. ಅಂದರೆ ಕಾವಲುಗಾರನನ್ನು ನಾವೇ ಮನೆಗೆ ಕಳಿಸಿದ ಹಾಗೆ. ಆರ್‌ಒ ದಾಟಿದ ಮೇಲಿನ ಪೈಪಿನೊಳಗೆ ಏನಾದರೂ ಸೇರಿಕೊಂಡರೆ ಕೇಳುವವರಿಲ್ಲ.

ರಿಪೋರ್ಟ್ ಕೇಳಿದೆ. ‘ನಾರ್ಮಲ್ ಇದೆ ಸಾರ್’ ಎಂದರು. ಇತ್ತು ಕೂಡ. ಆದರೆ ನೀರನ್ನು 37 ಡಿಗ್ರಿಯಲ್ಲಿ ಎರಡು ದಿನ ಇಟ್ಟು ನೋಡಿದ ರಿಪೋರ್ಟ್ ಅದು. ನಮ್ಮ ಮೈಯಲ್ಲಿ ವಾಸಿಸುವ ಬ್ಯಾಕ್ಟೀರಿಯಗಳಿಗೆ ಅದು ಸರಿ. ಪೈಪಿನಲ್ಲಿ ಹಸಿದು ಬದುಕುವ ಜಾತಿಗಳಿಗೆ ಆ ಬಿಸಿಯೂ ಬೇಡ, ಹಬ್ಬದೂಟವೂ ಬೇಡ. ಬಡ ಪೋಷಕಾಂಶದ ಆರ್2ಎ ಅಗರ್‌ನಲ್ಲಿ, 17ರಿಂದ 23 ಡಿಗ್ರಿಯಲ್ಲಿ, ಏಳು ದಿನ ಕಾಯಬೇಕು. ಮಿಲಿಲೀಟರಿಗೆ ನೂರಕ್ಕಿಂತ ಕಡಿಮೆ ಇರಬೇಕು ಎಂಬ ಅಂತರರಾಷ್ಟ್ರೀಯ ಮಿತಿಗೆ ಅರ್ಥ ಬರುವುದು ಹಾಗೆ ಎಣಿಸಿದಾಗ. ಕಿಡ್ನಿ ಡಾಕ್ಟರಮ್ಮ ಪಟ್ಟು ಹಿಡಿದು ಮಾಡಿಸಿದರು. ಏಳನೇ ದಿನ ತಟ್ಟೆ ತುಂಬಿತ್ತು.

ಯಾವುದು ಅದು? ಇಲ್ಲಿಂದ ಮುಂದೆ ನನ್ನ ಕೆಲಸಕ್ಕೆ ಹತ್ತಿರದ ಜಗತ್ತು. ಎಲ್ಲ ಬ್ಯಾಕ್ಟೀರಿಯಗಳಲ್ಲೂ 16ಎಸ್ ಆರ್‌ಆರ್‌ಎನ್‌ಎ ಎಂಬ ಜೀನ್ ಇದೆ, ಸುಮಾರು 1,500 ಅಕ್ಷರ ಉದ್ದ. ಕೆಲವು ಭಾಗ ಎಲ್ಲರಲ್ಲೂ ಒಂದೇ, ಕೆಲವು ಜಾತಿಯಿಂದ ಜಾತಿಗೆ ಬದಲು. 1977ರಲ್ಲಿ ಕಾರ್ಲ್ ವೋಸ್ ಜೀವವೃಕ್ಷದಲ್ಲಿ ಹೊಸ ಕೊಂಬೆಯನ್ನೇ ಕಂಡುಹಿಡಿದದ್ದು ಈ ಆರ್‌ಎನ್‌ಎಯನ್ನು ಹೋಲಿಸಿ. ಆ ಅಕ್ಷರಗಳನ್ನು ಓದಿ, ಬ್ಲಾಸ್ಟ್ ಎಂಬ ಪ್ರೋಗ್ರಾಮಿಗೆ ಕೊಟ್ಟರೆ ಸಾರ್ವಜನಿಕ ಭಂಡಾರದಲ್ಲಿ ಹತ್ತಿರದ ಹೊಂದಿಕೆ ಹುಡುಕುತ್ತದೆ. ಲಾಗ್ ಫೈಲಿನಲ್ಲಿ ಎರರ್ ಹುಡುಕುವ ನಮಗೆ ಇದು ಹೊಸದೇನಲ್ಲ. 1990ರ ಈ ಪ್ರೋಗ್ರಾಮ್ ಇವತ್ತಿಗೂ ನಡೆಯುತ್ತಿದೆ ಎನ್ನುವುದಕ್ಕೆ ಮಾತ್ರ ಹೊಟ್ಟೆಕಿಚ್ಚಾಯಿತು. ನಾವು ಬರೆದದ್ದು ಎರಡು ವರ್ಷ ಬಾಳುವುದಿಲ್ಲ. ಇಂಥ ಗುರುತಿಸುವಿಕೆಗೆ ದೂರ ಹೋಗಬೇಕಿಲ್ಲ, ಪುಣೆಯ ರಾಷ್ಟ್ರೀಯ ಸೂಕ್ಷ್ಮಜೀವಿ ಸಂಪನ್ಮೂಲ ಕೇಂದ್ರದಲ್ಲೂ ಮಾಡುತ್ತಾರೆ.

ನಮ್ಮ ಉತ್ತರ: ರಾಲ್‌ಸ್ಟೋನಿಯಾ ಕುಲ. ಪ್ರಭೇದದ ಹೆಸರನ್ನು ಲ್ಯಾಬಿನವರು ಬರೆಯಲಿಲ್ಲ. ಈ ಕುಲದ ದಾಯಾದಿಗಳ 16ಎಸ್‌ನಲ್ಲಿ ವ್ಯತ್ಯಾಸ ಬಹಳ ಕಡಿಮೆ, ಅಷ್ಟಕ್ಕೆ ನಿಲ್ಲಿಸಿದ್ದು ಪ್ರಾಮಾಣಿಕತೆ. ಇದರಲ್ಲಿ ಪ್ರಸಿದ್ಧವಾದ ಪಿಕೆಟ್ಟಿಗೆ 1973ರಲ್ಲಿ ಸ್ಯೂಡೋಮೊನಾಸ್ ಎಂದೂ, 1992ರಲ್ಲಿ ಬರ್ಖೋಲ್ಡೇರಿಯಾ ಎಂದೂ, 1995ರಲ್ಲಿ ರಾಲ್‌ಸ್ಟೋನಿಯಾ ಎಂದೂ ಹೆಸರಿಟ್ಟರು. ಹಳೆಯ ರಾಸಾಯನಿಕ ಪರೀಕ್ಷೆಗಳು ಎಡವುತ್ತಿದ್ದದ್ದು ಆಶ್ಚರ್ಯವಲ್ಲ.

ಹೆಸರಿನಿಂದ ಏನು ಬಂತು? ಇದು ಶುದ್ಧ ನೀರಿನಲ್ಲೇ ಬದುಕಬಲ್ಲ, ಪೈಪಿನ ಒಳಗೋಡೆಗೆ ಲೋಳೆಪದರ ಕಟ್ಟುವ ಜೀವಿ. ಆದ್ದರಿಂದ ನರ್ಸಿನ ಕೈಯನ್ನೋ ಮಾವನ ಕ್ಯಾಥೆಟರನ್ನೋ ದೂರುವುದು ಬಿಟ್ಟು ಪೈಪನ್ನು ಹುಡುಕಿದರು. ಜೀವಂತ ಬ್ಯಾಕ್ಟೀರಿಯ ಪೊರೆ ದಾಟದಿದ್ದರೂ ಅದರ ಕವಚದ ಚೂರು, ಎಂಡೋಟಾಕ್ಸಿನ್, ದಾಟಬಲ್ಲದು. ನಡುಕವಿದ್ದೂ ರಕ್ತದಲ್ಲಿ ಏನೂ ಬೆಳೆಯದ ಒಗಟಿಗೆ ಅದು ಹೊಂದುತ್ತಿತ್ತು. ಮೂಲೆಯಲ್ಲಿ ವರ್ಷದ ಹಿಂದೆ ತೆಗೆದ ಯಂತ್ರದ ಪೈಪು ಮುಚ್ಚಳ ಹಾಕಿಕೊಂಡು ನಿಂತಿತ್ತು, ಒಳಗೆ ನಿಂತ ನೀರು. ಅದನ್ನು ಕತ್ತರಿಸಿ, ಇಡೀ ಲೈನನ್ನು ಸೋಂಕುಮುಕ್ತಗೊಳಿಸಿ, ಮತ್ತೆ ಏಳು ದಿನ ಕಾದರು. ಅಷ್ಟು ದಿನ ಮಾವನನ್ನು ಅಂಧೇರಿಗೆ ಕರೆದೊಯ್ದೆವು.

ಮೂವತ್ತು ವರ್ಷ ಹೋಟೆಲಿನಲ್ಲಿ ದುಡಿದ ಮಾವನಿಗೆ ಈ ವಿಜ್ಞಾನವೆಲ್ಲ ಹೇಳಿದೆ.

‘ಎಂತ ಮಾರಾಯ, ಟಾಂಕಿ ಮೂಲೆಯ ಪಾಚಿ ಅಲ್ವಾ? ಅಷ್ಟಕ್ಕೆ ಇಷ್ಟು ಓದಬೇಕಿತ್ತಾ?’

ಈಗ ಪ್ರತಿ ಶನಿವಾರ ಒಳಗೆ ಹೋದ ಕೂಡಲೇ ಅವರು ಮೊದಲು ಕೇಳುವುದು ಈ ತಿಂಗಳ ನೀರಿನ ರಿಪೋರ್ಟನ್ನು, ಅದೂ ಏಳು ದಿನದ್ದೇ ಎಂದು.