ಹೆಗಲಿಗೆ ಹಗುರ, ಕತ್ತಿಗೆ ಹಿತ: ಪ್ರಯಾಣಕ್ಕೆ ಲ್ಯಾಪ್‌ಟಾಪ್ ಕೊಳ್ಳುವ ಮುನ್ನ

ಬೆಳಿಗ್ಗೆ ಕಮಲಾಪುರದಿಂದ ಕಲಬುರಗಿಗೆ ಬರುವ ಬಸ್ಸುಗಳನ್ನು ಒಮ್ಮೆ ಗಮನಿಸಿ. ಕಂಬಿ ಹಿಡಿದು ನಿಂತ ಕಾಲೇಜು ಹುಡುಗ ಹುಡುಗಿಯರ ಬೆನ್ನ ಮೇಲೆ ಒಂದೊಂದು ಉಬ್ಬಿದ ಚೀಲ ಇರುತ್ತದೆ. ನಗರದಲ್ಲಿ ಇಳಿದು, ಖಾಜಾ ಬಂದಾನವಾಜ್ ವಿಶ್ವವಿದ್ಯಾಲಯವಿರುವ ರೋಜಾ ಕಡೆಗೋ ಬೇರೆ ಕಾಲೇಜಿಗೋ ಅವರು ಅದೇ ಹೊರೆ ಹೊತ್ತು ನಡೆಯುತ್ತಾರೆ. ಸಂಜೆ ಮನೆ ಸೇರಿದ ಮಗಳು "ಯವ್ವಾ, ಹೆಗಲು ಭಾಳ ನೋಯಕತ್ತಾವ" ಎಂದರೆ ತಾಯಿ ಎಣ್ಣೆ ಹಚ್ಚಿ ತಿಕ್ಕುತ್ತಾಳೆ. ನೋವು ಆ ರಾತ್ರಿ ತಗ್ಗುತ್ತದೆ, ಮರುದಿನ ಸಂಜೆ ಮತ್ತೆ ಬರುತ್ತದೆ. ಚೀಲದಲ್ಲಿ ಎಷ್ಟು ಭಾರವಿದೆ ಎಂದು ಮಾತ್ರ ಯಾರೂ ತೂಗಿ ನೋಡುವುದಿಲ್ಲ.

ಆ ಚೀಲದಲ್ಲಿ ಹೆಚ್ಚಾಗಿ ಎಲ್ಲಕ್ಕಿಂತ ಭಾರವಾದ ವಸ್ತು ಲ್ಯಾಪ್‌ಟಾಪ್. ಇದನ್ನು ಕೊಳ್ಳುವಾಗ ನಾವು ಬೆಲೆ ಕೇಳುತ್ತೇವೆ, ವೇಗ ಕೇಳುತ್ತೇವೆ. ಅದೇ ಬೆಲೆಗೆ ದೊಡ್ಡ ಪರದೆ ಸಿಕ್ಕರೆ ಲಾಭವಾಯಿತೆಂದು ಸಂತೋಷಪಡುತ್ತೇವೆ. ಆದರೆ ದಿನವೂ ಪ್ರಯಾಣ ಮಾಡುವವರಿಗೆ ಅದು ಯಂತ್ರವಷ್ಟೇ ಅಲ್ಲ, ನಾಲ್ಕೈದು ವರ್ಷ ಹೊರಬೇಕಾದ ಹೊರೆ. ಆದ್ದರಿಂದ ಆಯ್ಕೆಯಲ್ಲಿ ಹೆಗಲು, ಕತ್ತು ಮತ್ತು ಕಣ್ಣುಗಳ ಮಾತನ್ನೂ ಕೇಳಬೇಕು.

ಮೊದಲು ತಕ್ಕಡಿ

1981ರಲ್ಲಿ ಬಂದ ಆಸ್ಬೋರ್ನ್-1 ಎಂಬ 'ಹೊತ್ತೊಯ್ಯಬಹುದಾದ' ಕಂಪ್ಯೂಟರ್ ಸುಮಾರು 11 ಕಿಲೋ ತೂಗುತ್ತಿತ್ತು. 2008ರಲ್ಲಿ ಬಂದ ಮೊದಲ ಮ್ಯಾಕ್‌ಬುಕ್ ಏರ್ ತೂಕ 1.36 ಕಿಲೋ. ಇಂದು 13-14 ಅಂಗುಲ ಪರದೆಯ ಅನೇಕ ಲ್ಯಾಪ್‌ಟಾಪ್‌ಗಳು 1ರಿಂದ 1.4 ಕಿಲೋ ಒಳಗಿವೆ. 15.6 ಅಂಗುಲದವು ಸಾಮಾನ್ಯವಾಗಿ ಒಂದೂವರೆ ಕಿಲೋ ದಾಟುತ್ತವೆ. ಆಟಗಳಿಗೆಂದೇ ಮಾಡಿದವು ಎರಡು ಕಿಲೋ ಮೀರುತ್ತವೆ, ಅವುಗಳ ಚಾರ್ಜರ್ ಒಂದೇ ಅರ್ಧ ಕಿಲೋಗಿಂತ ಹೆಚ್ಚಿರಬಹುದು.

ಹೊರೆ ಎಷ್ಟಿರಬೇಕು? ಕೇಂದ್ರ ಸರ್ಕಾರದ 2020ರ ಶಾಲಾಚೀಲ ನೀತಿಯು ಮಕ್ಕಳ ಚೀಲ ಅವರ ದೇಹತೂಕದ ಶೇ. 10ನ್ನು ಮೀರಬಾರದು ಎನ್ನುತ್ತದೆ. ದಿನವೂ ಹೊರುವ ದೊಡ್ಡವರೂ ಇದೇ ಅಳತೆಯನ್ನು ಇಟ್ಟುಕೊಂಡರೆ ಕ್ಷೇಮ. 50 ಕಿಲೋ ತೂಕದ ವಿದ್ಯಾರ್ಥಿನಿಗೆ 5 ಕಿಲೋ ಮಿತಿ. ಈಗ ಲೆಕ್ಕ ಹಾಕಿ. ಖಾಲಿ ಚೀಲ 800 ಗ್ರಾಂ, ಪುಸ್ತಕ 1 ಕಿಲೋ, ತುಂಬಿದ ನೀರಿನ ಬಾಟಲಿ 1 ಕಿಲೋ, ಬುತ್ತಿ ಅರ್ಧ ಕಿಲೋ ಎಂದುಕೊಂಡರೆ ಇಷ್ಟಕ್ಕೇ 3.3 ಕಿಲೋ ಆಯಿತು. ಚಾರ್ಜರ್ ಸೇರಿ 2.9 ಕಿಲೋದ ಲ್ಯಾಪ್‌ಟಾಪ್ ಇಟ್ಟರೆ ಒಟ್ಟು 6.2 ಕಿಲೋ. ಚಾರ್ಜರ್ ಸೇರಿ 1.5 ಕಿಲೋದ್ದು ಇಟ್ಟರೆ 4.8 ಕಿಲೋ. ಮಿತಿಯ ಆಚೆಗೂ ಈಚೆಗೂ ಇರುವ ವ್ಯತ್ಯಾಸ ಅಷ್ಟೇ.

ಜಾಹೀರಾತಿನಲ್ಲಿ ಕೊಡುವ ತೂಕದಲ್ಲಿ ಸಾಮಾನ್ಯವಾಗಿ ಚಾರ್ಜರ್ ಸೇರಿರುವುದಿಲ್ಲ. ಎರಡನ್ನೂ ಒಟ್ಟಿಗೆ ಕೈಯಲ್ಲಿ ಹಿಡಿದು ನೋಡಿ. ಬ್ಯಾಟರಿ ಒಂದು ಪೂರ್ಣ ದಿನ ಬಾಳುವಂತಿದ್ದರೆ ಚಾರ್ಜರನ್ನು ಮನೆಯಲ್ಲೇ ಬಿಡಬಹುದು. ಫೋನಿಗೂ ಲ್ಯಾಪ್‌ಟಾಪ್‌ಗೂ ಒಂದೇ ಟೈಪ್-ಸಿ ಚಾರ್ಜರ್ ಸಾಕಾಗುವಂತಿದ್ದರೆ ಮತ್ತೊಂದಿಷ್ಟು ಭಾರ ಇಳಿಯುತ್ತದೆ.

ತೀರಾ ಚಿಕ್ಕದೂ ಬೇಡ

ಹಾಗಾದರೆ ಎಲ್ಲಕ್ಕಿಂತ ಚಿಕ್ಕದನ್ನೇ ಕೊಂಡರಾಯಿತಲ್ಲ ಎನ್ನಬಹುದು. ಇಲ್ಲಿ ಎಚ್ಚರ ಬೇಕು. ಪರದೆ 11-12 ಅಂಗುಲಕ್ಕೆ ಇಳಿದಾಗ ಅಕ್ಷರಗಳು ಸಣ್ಣದಾಗುತ್ತವೆ. ಅಕ್ಷರ ಕಾಣಲು ನಾವು ಅರಿವಿಲ್ಲದೆ ಮುಂದಕ್ಕೆ ಬಾಗುತ್ತೇವೆ. ಹೆಗಲಿಗೆ ಉಳಿಸಿದ ಭಾರವನ್ನು ಕತ್ತು ಮತ್ತು ಕಣ್ಣು ತೀರಿಸಬೇಕಾಗುತ್ತದೆ. ಕೀಲಿಗಳು ಇಕ್ಕಟ್ಟಾದರೆ ಮಣಿಕಟ್ಟು ಸೊಟ್ಟಗಾಗಿ ಬೆರಳುಗಳು ದಣಿಯುತ್ತವೆ.

ದಿನಕ್ಕೆ ಎರಡು ಮೂರು ಗಂಟೆ ಓದಿ ಬರೆಯುವವರಿಗೆ 13ರಿಂದ 14 ಅಂಗುಲ ಒಳ್ಳೆಯ ಮಧ್ಯಮಾರ್ಗ. ಅಂಗಡಿಯಲ್ಲೇ ಕುಳಿತು ಐದು ನಿಮಿಷ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಟೈಪ್ ಮಾಡಿ ನೋಡಿ. ಒಂದು ತೋಳಿನಷ್ಟು ದೂರದಿಂದ ಅಕ್ಷರಗಳು ಸರಾಗವಾಗಿ ಕಾಣಬೇಕು. ಪರದೆ ಕನ್ನಡಿಯಂತೆ ಹೊಳೆಯದೆ ಮಂದವಾಗಿದ್ದರೆ ಕಿಟಕಿ ಪಕ್ಕದ ಸೀಟಿನಲ್ಲಿ ಬೆಳಕು ಪ್ರತಿಫಲಿಸಿ ಕಣ್ಣು ಕುಕ್ಕುವುದಿಲ್ಲ. ನಲವತ್ತು ದಾಟಿ ಓದುವ ಕನ್ನಡಕ ಬಂದವರು ಅದನ್ನು ಹಾಕಿಕೊಂಡೇ ಪರೀಕ್ಷಿಸಬೇಕು.

ಕತ್ತಿನ ಮೇಲೆ ಎಷ್ಟು ಭಾರ?

ನಮ್ಮ ತಲೆಯ ತೂಕ ಸುಮಾರು 5 ಕಿಲೋ. ನೆಟ್ಟಗೆ ಕುಳಿತಾಗ ಕತ್ತು ಅಷ್ಟನ್ನೇ ಹೊರುತ್ತದೆ. ತಲೆ ಬಾಗಿದಂತೆ ಹೊರೆ ಏರುತ್ತದೆ. ಅಮೆರಿಕದ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಕಂಪ್ಯೂಟರ್ ಮಾದರಿಯಿಂದ ಮಾಡಿದ ಲೆಕ್ಕದ ಪ್ರಕಾರ, 30 ಡಿಗ್ರಿ ಬಾಗಿದಾಗ ಕತ್ತಿನ ಮೇಲೆ ಬೀಳುವ ಬಲ ಸುಮಾರು 18 ಕಿಲೋ, 60 ಡಿಗ್ರಿ ಬಾಗಿದಾಗ ಸುಮಾರು 27 ಕಿಲೋ. ಇದು ಲೆಕ್ಕಾಚಾರವೇ ಹೊರತು ರೋಗಿಗಳಲ್ಲಿ ಅಳೆದದ್ದಲ್ಲ. ಆದರೂ ಬಾಗಿದಷ್ಟೂ ಭಾರ ಎಂಬ ಮಾತು ನಿಜ.

ಲ್ಯಾಪ್‌ಟಾಪಿನ ಹುಟ್ಟುಗುಣವೇ ಇದು. ಪರದೆ ಮತ್ತು ಕೀಲಿಮಣೆ ಅಂಟಿಕೊಂಡಿರುವುದರಿಂದ ಒಂದು ಸರಿಯಾದ ಎತ್ತರದಲ್ಲಿದ್ದರೆ ಇನ್ನೊಂದು ಇರುವುದಿಲ್ಲ. ಯಂತ್ರ ಎಷ್ಟೇ ಹಗುರವಿದ್ದರೂ ಈ ತೊಂದರೆ ತಪ್ಪದು. ಇದಕ್ಕೆ ಉಪಾಯ ಸುಲಭ. ಮನೆಯಲ್ಲೋ ಹಾಸ್ಟೆಲಿನಲ್ಲೋ ಕುಳಿತಾಗ ನಾಲ್ಕು ದಪ್ಪ ಪುಸ್ತಕಗಳ ಮೇಲೆ ಲ್ಯಾಪ್‌ಟಾಪ್ ಇಟ್ಟು, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವಂತೆ ಮಾಡಿ. ಪ್ರತ್ಯೇಕ ಕೀಲಿಮಣೆ, ಮೌಸ್ ಬಳಸಿ. ದೊಡ್ಡ ಪರದೆಗೆ ಕೊಡುವ ಹೆಚ್ಚಿನ ಹಣದಲ್ಲಿ ಒಂದು ಸಣ್ಣ ಪಾಲು ಇದಕ್ಕೆ ಸಾಕು.

ರೈಲಿನಲ್ಲಿ ಈ ಅನುಕೂಲ ಇರುವುದಿಲ್ಲ. 2024ರ ಮಾರ್ಚ್‌ನಲ್ಲಿ ಆರಂಭವಾದ ಕಲಬುರಗಿ-ಬೆಂಗಳೂರು ವಂದೇ ಭಾರತ್ ರೈಲಿನ ಸೀಟಿನ ಹಲಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟರೂ ಪರದೆ ಎದೆಯ ಮಟ್ಟದಲ್ಲೇ ಇರುತ್ತದೆ. ಅಲ್ಲಿ ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿಗಿಂತ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಿ. ಕಿಟಕಿಯಾಚೆ ಕಾಣುವ ತೊಗರಿ ಹೊಲ ಇದಕ್ಕೆ ಸಾಕು. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆ, ಕಣ್ಣು ಒಣಗುವುದು ಅದರಿಂದಲೇ.

ತೊಡೆಯ ಮೇಲೆ ಬೇಡ, ಬಿಸಿಲಿಗೂ ಬೇಡ

ಹೆಸರಿನಲ್ಲಿ ಮಡಿಲು ಇದ್ದರೂ ಲ್ಯಾಪ್‌ಟಾಪನ್ನು ಬಹಳ ಹೊತ್ತು ತೊಡೆಯ ಮೇಲೆ ಇಡಬಾರದು. ದಿನವೂ ಬಿಸಿ ತಗುಲಿದ ಚರ್ಮದ ಮೇಲೆ ಬಲೆಯಂಥ ಕೆಂಪು-ಕಂದು ಕಲೆಗಳು ಮೂಡಬಹುದು. ಗಂಡಸರಲ್ಲಿ ಇನ್ನೊಂದು ತೊಂದರೆಯೂ ಉಂಟು. ಅಮೆರಿಕದಲ್ಲಿ 29 ಆರೋಗ್ಯವಂತ ಯುವಕರ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ಗಂಟೆ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡಾಗ ವೃಷಣ ಚೀಲದ ಉಷ್ಣತೆ ಎರಡೂವರೆ ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಏರಿತ್ತು. ವೀರ್ಯಾಣುಗಳ ಬೆಳವಣಿಗೆಗೆ ತಂಪು ಬೇಕು. ಆದ್ದರಿಂದ ಮೇಜು ಅಥವಾ ಹಲಗೆಯೇ ಲೇಸು. ಕೊಳ್ಳುವಾಗ ಅರ್ಧ ಗಂಟೆ ಚಾಲೂ ಇದ್ದ ಯಂತ್ರದ ಅಡಿಭಾಗವನ್ನು ಮುಟ್ಟಿ ನೋಡಿ.

ನಮ್ಮ ಭಾಗದ ಬಿಸಿಲನ್ನೂ ಮರೆಯಬೇಡಿ. ಅನೇಕ ಲ್ಯಾಪ್‌ಟಾಪ್‌ಗಳು 35 ಡಿಗ್ರಿವರೆಗಿನ ವಾತಾವರಣದಲ್ಲಿ ಕೆಲಸ ಮಾಡಲೆಂದು ರಚಿತವಾದವು. ಕಲಬುರಗಿಯಲ್ಲಿ ಏಪ್ರಿಲ್-ಮೇ ತಿಂಗಳ ಉಷ್ಣತೆ 40 ದಾಟುತ್ತದೆ. ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಬ್ಯಾಟರಿ ಕೆಡುತ್ತದೆ. ಉಬ್ಬಿದ ಬ್ಯಾಟರಿಯನ್ನು ಬಳಸುವುದು ಅಪಾಯ, ಕೂಡಲೇ ಬದಲಿಸಬೇಕು.

ಹೊಸದು ಕೊಳ್ಳಲು ಆಗದಿದ್ದರೆ?

ಇರುವ ಯಂತ್ರ ಭಾರವಾಗಿದೆ ಎಂದು ಸಾಲ ಮಾಡಿ ಹೊಸದು ತರಬೇಕಿಲ್ಲ. ಇಂದು ರಾತ್ರಿಯೇ ಚೀಲ ಖಾಲಿ ಮಾಡಿ, ಮರುದಿನಕ್ಕೆ ಬೇಡವಾದ ಪುಸ್ತಕ ತೆಗೆದಿಡಿ. ಲ್ಯಾಪ್‌ಟಾಪ್ ಬೆನ್ನಿಗೆ ಹತ್ತಿದ ಅರೆಯಲ್ಲಿ ಇರಲಿ. ಎರಡೂ ಪಟ್ಟಿಗಳನ್ನು ಹೆಗಲಿಗೆ ಹಾಕಿ, ಚೀಲ ಸೊಂಟದಿಂದ ಕೆಳಗೆ ಜೋತುಬೀಳದಂತೆ ಬಿಗಿಮಾಡಿ. ಒಂದೇ ಹೆಗಲಿಗೆ ನೇತುಹಾಕುವ ಚೀಲ ಬಿಟ್ಟುಬಿಡಿ. ಬಸ್ಸಿನಲ್ಲಿ ನಿಂತಾಗ ಚೀಲ ಇಳಿಸಿ ಕಾಲ ಬಳಿ ಇಡಿ.

ಬೆರಳುಗಳು ಜೋಮು ಹಿಡಿಯುವುದು, ನೋವು ಕತ್ತಿನಿಂದ ತೋಳಿಗೆ ಇಳಿಯುವುದು, ಕೈಯಿಂದ ಲೋಟ ಜಾರುವಷ್ಟು ಶಕ್ತಿ ಕುಂದುವುದು, ರಾತ್ರಿ ನಿದ್ದೆಗೆಡಿಸುವ ನೋವು ಕಂಡರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ. ವೈದ್ಯರಿಗೆ ತೋರಿಸಿ.

ಉಳಿದವರು ಈ ವಾರ ಒಂದು ಕೆಲಸ ಮಾಡಿ. ಮಗನ ಅಥವಾ ಮಗಳ ಚೀಲವನ್ನು ಇದ್ದಂತೆಯೇ ಎತ್ತಿ ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯ ಮೇಲಿಡಿ. ಅಲ್ಲಿ ಕಾಣುವ ಅಂಕಿಯನ್ನು ಬರೆದುಕೊಂಡು ಆಮೇಲೆ ಲ್ಯಾಪ್‌ಟಾಪ್ ಅಂಗಡಿಗೆ ಹೋಗಿ.