ಹನ್ನೆರಡು ನಿಮಿಷ ತಿರುಗಿದ ರಕ್ತ

ಬಸ್ರೂರು, ಕುಂದಾಪುರದ ಕಡೆ ‘ಪ್ಲೇಟ್‌ಲೆಟ್’ ಮನೆಮಾತಾದದ್ದು ಡೆಂಗಿಯಿಂದ. ಮಳೆಗಾಲದ ಜ್ವರಕ್ಕೆ ರಕ್ತಪರೀಕ್ಷೆ ಮಾಡಿಸಿದರೆ ಎಲ್ಲರೂ ಮೊದಲು ಹುಡುಕುವುದು ಆ ಸಾಲನ್ನೇ. ಒಂದೂವರೆ ಲಕ್ಷದ ಮೇಲಿದ್ದರೆ ಸಮಾಧಾನ, ಇಳಿದರೆ ಪಪಾಯಿ ಎಲೆಯ ರಸದ ಮಾತು. ಅದೇ ಪ್ಲೇಟ್‌ಲೆಟ್ಟನ್ನು ಹಲ್ಲಿನ ಡಾಕ್ಟರು ಔಷಧದಂತೆ ಬಳಸುತ್ತಾರೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ.

ಪ್ಲೇಟ್‌ಲೆಟ್ ಪೂರ್ತಿ ಜೀವಕೋಶವಲ್ಲ. ಮೂಳೆಮಜ್ಜೆಯ ದೈತ್ಯ ಕೋಶಗಳಿಂದ ಉದುರಿದ, ಕೋಶಕೇಂದ್ರವಿಲ್ಲದ ತುಣುಕು. ಅಗಲ ಮಿಲಿಮೀಟರಿನ ಸಾವಿರದ ಎರಡು ಮೂರು ಪಾಲು, ಆಯಸ್ಸು ಏಳರಿಂದ ಹತ್ತು ದಿನ. ಗಾಯವಾದಾಗ ಒಂದಕ್ಕೊಂದು ಅಂಟಿ ರಕ್ತ ನಿಲ್ಲಿಸುವುದು ಅದರ ಅರ್ಧ ಕೆಲಸ ಮಾತ್ರ. ಒಳಗಿನ ಸಣ್ಣ ಚೀಲಗಳು ಒಡೆದು ಹೊರಬರುವ ಪ್ರೋಟೀನುಗಳು ಹೊಸ ರಕ್ತನಾಳ ಚಿಗುರಿಸಲು, ಅಂಗಾಂಶ ಕಟ್ಟಲು ಸುತ್ತಲಿನ ಕೋಶಗಳಿಗೆ ಕರೆ ಕಳಿಸುತ್ತವೆ. ಇವೇ ಬೆಳವಣಿಗೆ ಅಂಶಗಳು.

ಹಲ್ಲಿನ ಡಾಕ್ಟರು ಪ್ಲೇಟ್‌ಲೆಟ್ ಬಳಸುವ ಒಂದು ಕಡೆ ಇಂಪ್ಲಾಂಟ್, ಅಂದರೆ ಹೋದ ಹಲ್ಲಿನ ಜಾಗದಲ್ಲಿ ದವಡೆಗೆ ಕೂರಿಸುವ ಲೋಹದ ಬೇರು. ಅದರ ಹುಟ್ಟಿಗೂ ರಕ್ತಕ್ಕೂ ನಂಟಿದೆ. 1952ರಲ್ಲಿ ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಮೊಲದ ಕಾಲಿನ ಮೂಳೆಯಲ್ಲಿ ಟೈಟಾನಿಯಂ ಸಾಧನವಿಟ್ಟು ರಕ್ತಸಂಚಾರ ನೋಡುತ್ತಿದ್ದರು. ಪ್ರಯೋಗ ಮುಗಿದರೂ ಲೋಹ ಕೀಳಲು ಬರಲಿಲ್ಲ; ಮೂಳೆ ಅದನ್ನು ಬಿಗಿಯಾಗಿ ಹಿಡಿದಿತ್ತು. 1965ರಲ್ಲಿ ಅವರು ಮೊದಲ ರೋಗಿಗೆ ಟೈಟಾನಿಯಂ ಬೇರು ಕೂರಿಸಿದರು. ಮಣಿಪಾಲದಲ್ಲಿ ದಂತ ವೈದ್ಯಕೀಯ ಕಾಲೇಜು ಶುರುವಾದದ್ದೂ ಅದೇ ವರ್ಷ.

ಸ್ವಂತ ಹಲ್ಲನ್ನು ದವಡೆಗೆ ಕಟ್ಟುವ ನಾರುಪೊರೆಯಲ್ಲಿ ರಕ್ತನಾಳಗಳಿರುತ್ತವೆ, ವಸಡಿಗೂ ಅವುಗಳಿಂದ ರಕ್ತ ಸಿಗುತ್ತದೆ. ಇಂಪ್ಲಾಂಟಿಗೆ ಆ ಪೊರೆಯಿಲ್ಲ. ಜತೆಗೆ ಮೊದಲ ವಾರಗಳಲ್ಲಿ ತಿರುಪಿನಂಥ ಆ ಇಂಪ್ಲಾಂಟಿನ ಸುತ್ತಲ ಹಳೆ ಮೂಳೆ ಕರಗುತ್ತದೆ, ಹೊಸದು ಇನ್ನೂ ಬಲಿತಿರುವುದಿಲ್ಲ. ಪ್ಲೇಟ್‌ಲೆಟ್ ಬೇಕಾಗುವುದು ಈ ನಾಜೂಕಿನ ಹೊತ್ತಿನಲ್ಲಿ.

ಮೊದಲು ಬಂದದ್ದು ಪಿಆರ್‌ಪಿ ಎಂಬ, ಪ್ಲೇಟ್‌ಲೆಟ್ ದಟ್ಟವಾಗಿರುವ ರಕ್ತದ್ರವ. 1998ರಲ್ಲಿ ಅಮೆರಿಕದ ರಾಬರ್ಟ್ ಮಾರ್ಕ್ಸ್ ಅದನ್ನು ದವಡೆಯ ಮೂಳೆ ಕಸಿಗೆ ಬಳಸಿದರು. ರಕ್ತ ಹೆಪ್ಪುಗಟ್ಟದಂತೆ ಒಂದು ರಾಸಾಯನಿಕ, ಆಮೇಲೆ ಹೆಪ್ಪುಗಟ್ಟಿಸಲು ದನದ ರಕ್ತದ ಥ್ರಾಂಬಿನ್ ಅದಕ್ಕೆ ಬೇಕಿತ್ತು. 2001ರಲ್ಲಿ ಫ್ರಾನ್ಸಿನ ಜೋಸೆಫ್ ಶುಕ್ರೂನ್ ಎರಡನ್ನೂ ಕೈಬಿಟ್ಟರು. ಪ್ಲೇಟ್‌ಲೆಟ್ ತುಂಬಿದ ಫೈಬ್ರಿನ್ ಗಡ್ಡೆ ಕೊಡುವ ಅವರ ವಿಧಾನವೇ ಪಿಆರ್‌ಎಫ್.

ರೋಗಿಯ ತೋಳಿನಿಂದ ಹತ್ತು ಮಿಲಿಲೀಟರಿನ ಕೊಳವೆಗಳಿಗೆ ರಕ್ತ ತೆಗೆದು ತಕ್ಷಣ ಸೆಂಟ್ರಿಫ್ಯೂಜಿನಲ್ಲಿಡುತ್ತಾರೆ. ಮಳೆಗಾಲದ ವಾರಾಹಿ ಹೊಳೆಯ ಕೆನ್ನೀರನ್ನು ಕೊಡದಲ್ಲಿಟ್ಟರೆ ಮರಳು ತಳಕ್ಕೆ, ಅದರ ಮೇಲೆ ಕೆಸರು, ಮೇಲೆ ತಿಳಿನೀರು ನಿಲ್ಲುತ್ತದಲ್ಲ, ಯಂತ್ರ ಮಾಡುವುದೂ ಅದನ್ನೇ. ಆದರೆ ಭೂಮಿಯ ಸೆಳೆತದ ಸುಮಾರು 400 ಪಟ್ಟು ಬಲದಲ್ಲಿ. ನಿಮಿಷಕ್ಕೆ 2,700 ಸುತ್ತಿನಂತೆ 12 ನಿಮಿಷ ತಿರುಗಿದರೆ ತಳದಲ್ಲಿ ಕೆಂಪುಕಣ, ಮೇಲೆ ಹಳದಿ ದ್ರವ, ನಡುವೆ ಲೋಳೆಯಂಥ ಗಡ್ಡೆ. ಗಾಜಿನ ಗೋಡೆ ತಾಗಿ ಹೆಪ್ಪುಗಟ್ಟುವ ಆಟ ತಾನಾಗಿಯೇ ಶುರುವಾಗಿರುತ್ತದೆ; ಫೈಬ್ರಿನ್ ನಾರುಗಳ ಬಲೆಗೆ ಪ್ಲೇಟ್‌ಲೆಟ್‌ಗಳೂ ಬಿಳಿಕಣಗಳೂ ಸಿಕ್ಕಿಬೀಳುತ್ತವೆ. ರಕ್ತ ತೆಗೆಯುವುದು ತಡವಾದರೆ ಯಂತ್ರಕ್ಕೆ ಹೋಗುವ ಮೊದಲೇ ಎಲ್ಲ ಕಲಸಿ ಹೆಪ್ಪಾಗುತ್ತದೆ. ಸುತ್ತಿನ ಲೆಕ್ಕವೊಂದೇ ಸಾಲದು: ರೋಟರಿನ ಅಗಲ ಬೇರೆಯಾದರೆ ಬಲವೂ ಬೇರೆ. ಪ್ಲೇಟ್‌ಲೆಟ್ ದಟ್ಟವಾಗಿರುವುದು ಗಡ್ಡೆಯ ಕೆಳಗಿನ ಅಂಚಿನಲ್ಲಿ. ಹಾಗಾಗಿ ಕತ್ತರಿಸುವಾಗ ತುಸು ಕೆಂಪನ್ನೂ ಉಳಿಸಿಕೊಳ್ಳುತ್ತಾರೆ.

ಗಡ್ಡೆಯನ್ನು ಒತ್ತಿ ತೆಳು ಪೊರೆಯಾಗಿಸಿ ಇಂಪ್ಲಾಂಟಿನ ಸುತ್ತ ಹಾಸಿ ವಸಡು ಹೊಲಿಯುತ್ತಾರೆ. ಬಲೆ ಮೆಲ್ಲನೆ ಕರಗುತ್ತ ಒಂದು ವಾರಕ್ಕೂ ಮಿಕ್ಕಿ ಬೆಳವಣಿಗೆ ಅಂಶಗಳನ್ನು ಬಿಡುತ್ತದೆ.

ಫಲವೇನು? ಹಲ್ಲು ಕಿತ್ತ ಗುಳಿಯಲ್ಲಿ ನೋವು ತಗ್ಗುತ್ತದೆ, ವಸಡು ಚೆನ್ನಾಗಿ ಮಾಯುತ್ತದೆ ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಇಂಪ್ಲಾಂಟ್ ಮೊದಲ ವಾರಗಳಲ್ಲಿ ತುಸು ಹೆಚ್ಚು ಭದ್ರವಾಗಿರುತ್ತದೆ ಎಂದು ಕೆಲವು ಪರೀಕ್ಷೆಗಳು ತೋರಿಸಿವೆ. ವರ್ಷಗಳ ಬಾಳಿಕೆಯೂ ಹೆಚ್ಚುತ್ತದೆ ಎನ್ನಲು ಗಟ್ಟಿ ಪುರಾವೆಯಿಲ್ಲ. ಪಿಆರ್‌ಎಫ್ ಮಾಯುವ ಆರಂಭಕ್ಕೆ ಒಂದು ಕೈ ಕೊಡುತ್ತದೆ, ಅಷ್ಟೆ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಬೀಡಿ, ಹೊಗೆಸೊಪ್ಪಿನ ಕವಳ, ಹಲ್ಲುಜ್ಜದ ಸೋಮಾರಿತನ ಇವುಗಳ ಹಾನಿಯನ್ನು ಅದು ಅಳಿಸಲಾರದು. ‘ನಿಮ್ಮದೇ ರಕ್ತದಿಂದ ಗ್ಯಾರಂಟಿ ಇಂಪ್ಲಾಂಟ್’ ಎಂದು ಯಾರಾದರೂ ಹೇಳಿದರೆ, ರಕ್ತದ ಮಾತನ್ನು ನಂಬಿ, ಗ್ಯಾರಂಟಿಯನ್ನು ಬಿಟ್ಟುಬಿಡಿ.