ಗಾಳದ ಕೋಲಿನ ಮೇಲೆ ಅಪ್ಪನ ಹೆಸರು



ಮಾರ್ಕರ್ ಪೆನ್ನಿನಲ್ಲಿ ಬರೆದದ್ದು ನೀರು ಬಿದ್ದರೂ ಹೋಗುವುದಿಲ್ಲ, ಅಲ್ವಾ? ನಾನೂ ಹಾಗೇ ನಂಬಿದ್ದೆ. ವಿಜ್ಞಾನದ ಮಾಷ್ಟ್ರೇ ಮೋಸಹೋದ ಕಥೆ ಇದು, ಕೇಳಿ.

ನನ್ನ ಅಪ್ಪನಿಗೆ ಪಯಸ್ವಿನಿ ಹೊಳೆಯಲ್ಲಿ ಗಾಳ ಹಾಕುವ ಹುಚ್ಚು. ಅವರ ಹಳೆಯ ಕೋಲು ಬಿರುಕು ಬಿಟ್ಟಿತ್ತು. ಬೇಸಗೆ ರಜೆಯಲ್ಲಿ ಅವರೇ ಆರಿಸಿ ಕಡಿದು ತಂದ ಬಿದಿರನ್ನು ಒಣಗಿಸಿ, ಬೆಂಕಿಗೆ ಕಾಯಿಸಿ ನೇರ ಮಾಡಿ ಹೊಸ ಕೋಲು ಮಾಡಿದೆ. ಅಂಗಡಿಯ ಕೋಲುಗಳ ಮೇಲೆ ಇಂಗ್ಲಿಷಿನಲ್ಲಿ ಏನೇನೋ ಇರ್ತದೆ. ಇದರ ಮೇಲೆ ಕನ್ನಡದಲ್ಲಿ ಅಪ್ಪನ ಹೆಸರು ಇರಲಿ ಅಂತ ಮಾರ್ಕರಿನಿಂದ ಬರೆದೆ. ಮೇಲೆ ಬಡಗಿಗಳು ಬಳಸುವ ಅರಗಿನ ಪಾಲಿಶ್ ಎಳೆದೆ. ಬ್ರಶ್ ಒಂದು ಸಲ ಹೋದದ್ದೇ ತಡ, ಅಕ್ಷರಗಳೆಲ್ಲ ಕರಗಿ ಬಾಲ ಬಿಟ್ಟವು!

ಯಾಕೆ? ಮಾರ್ಕರಿನ ಬಣ್ಣ ನೀರಿನಲ್ಲಿ ಕರಗುವುದಿಲ್ಲ, ನಿಜ. ಆದರೆ ಆಲ್ಕೋಹಾಲಿನಲ್ಲಿ ಕರಗುತ್ತದೆ. ಅರಗಿನ ಪಾಲಿಶ್ ಅಂದರೆ ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿದ್ದು. ಕಾಪಾಡಲು ಹಚ್ಚಿದ್ದೇ ಅಳಿಸಿಹಾಕಿತು. ಯಾವ ಲೇಪ ಹಚ್ಚುವ ಮೊದಲೂ ಕೇಳಬೇಕಾದ ಪ್ರಶ್ನೆ ಇದು: ಇದರಲ್ಲಿರುವ ದ್ರಾವಕ ಕೆಳಗಿನ ಬಣ್ಣವನ್ನು ಕರಗಿಸುತ್ತದೆಯೇ?

ಹಿಂದಿನವರಿಗೆ ಇದು ಗೊತ್ತಿತ್ತು. ತಾಳೆಗರಿಯಲ್ಲಿ ಕಂಟದಿಂದ ಕೊರೆದ ಅಕ್ಷರಕ್ಕೆ ಮಸಿ ತಿಕ್ಕುತ್ತಿದ್ದರು. ಮಸಿ ಅಂದರೆ ಇಂಗಾಲದ ಕಣಗಳು. ಅವು ನೀರಿನಲ್ಲೂ ಕರಗುವುದಿಲ್ಲ, ಸ್ಪಿರಿಟಿನಲ್ಲೂ ಇಲ್ಲ. 1870ರ ದಶಕದಲ್ಲಿ ಅಮೆರಿಕದ ಮೇನ್ ರಾಜ್ಯದ ಹೈರಮ್ ಲಿಯೊನಾರ್ಡ್ ಬಿದಿರಿನ ಆರು ಸೀಳುಗಳನ್ನು ಅಂಟಿಸಿ ಗಾಳದ ಕೋಲು ಮಾಡಿ ಹೆಸರಾದರು. ಅಂಥ ಸೀಳುಬಿದಿರಿನ ಕೋಲು ಮಾಡುವ ಅನೇಕರು ಇಂದಿಗೂ ಇಂಗಾಲದ ಕಪ್ಪು ಶಾಯಿಯಲ್ಲೇ ಹೆಸರು ಬರೆದು ಮೇಲೆ ವಾರ್ನಿಶ್ ಹಚ್ಚುತ್ತಾರೆ.

ಎರಡನೇ ಸಲ ನಾನು ಡೆಕಾಲ್ ತಂದೆ. ಇದರಲ್ಲಿ ಮೂರು ಪದರ: ಅಡಿಯಲ್ಲಿ ಕಾಗದ, ನಡುವೆ ನೀರಿಗೆ ಕರಗುವ ಅಂಟು, ಮೇಲೆ ತೆಳು ಪಾರದರ್ಶಕ ಹಾಳೆ. ಹಾಳೆಯ ಮೇಲೆ ಮುದ್ರಿಸಿ ನೀರಲ್ಲಿ ನೆನೆಸಿದರೆ ಅಂಟು ಸಡಿಲವಾಗಿ ಹಾಳೆ ಜಾರಿ ಬರುತ್ತದೆ. ನಾನು ಇಂಕ್‌ಜೆಟ್‌ನಲ್ಲಿ ಮುದ್ರಿಸಿ ಬಟ್ಟಲಿಗೆ ಹಾಕಿದೆ. ನೀರು ನೀಲಿ, ಹೆಸರು ಮಾಯ! ಆ ಶಾಯಿ ನೀರಿನದ್ದು ಮಾರಾಯ್ರೆ. ಅಪ್ಪ ನಕ್ಕು, "ಹೆಸರು ಇಲ್ಲದಿದ್ರೂ ಮೀನು ಬರ್ತದೆ ಮಗಾ" ಅಂದರು.

ಮೂರನೇ ಸಲ ಮುದ್ರಿಸಿದ ಮೇಲೆ ಅಕ್ರಿಲಿಕ್ ಸ್ಪ್ರೇಯನ್ನು ತೆಳುವಾಗಿ ಎರಡು ಮೂರು ಸಲ ಹೊಡೆದೆ. ದಪ್ಪ ಹೊಡೆದರೆ ಅದರ ದ್ರಾವಕಕ್ಕೆ ಬಣ್ಣ ಕರಗಿಸುವಷ್ಟು ಸಮಯ ಸಿಗುತ್ತದೆ. ತೆಳುವಾದರೆ ಅಷ್ಟರೊಳಗೆ ಆವಿಯಾಗಿ ಹೋಗುತ್ತದೆ. ಆಮೇಲೆ ನೆನೆಸಿ, ಕೋಲಿಗೆ ಜಾರಿಸಿ, ಅಡಿಯ ನೀರು ಗಾಳಿಯನ್ನು ಮೆಲ್ಲಗೆ ಒತ್ತಿ ತೆಗೆದು ಇಡೀ ದಿನ ಒಣಗಿಸಿದೆ. ಗಾಳಿ ಉಳಿದರೆ ಅಲ್ಲಿ ಬೆಳಕು ಪ್ರತಿಫಲಿಸಿ ಬೆಳ್ಳಿಯ ಹಾಗೆ ಕಾಣುತ್ತದೆ.

ಕೊನೆಗೆ ಎಪಾಕ್ಸಿ. ಇದು ಅರಗಿನ ಪಾಲಿಶಿನ ಹಾಗೆ ದ್ರಾವಕ ಆರಿ ಗಟ್ಟಿಯಾಗುವುದಲ್ಲ. ರಾಳ ಮತ್ತು ಗಟ್ಟಿಕಾರಕ ಎಂಬ ಎರಡು ದ್ರವಗಳು ರಾಸಾಯನಿಕವಾಗಿ ಕೂಡಿ, ಅಣುಗಳು ಬಲೆಯ ಹಾಗೆ ಹೆಣೆದುಕೊಂಡು ಪಾಲಿಮರ್ ಆಗುತ್ತವೆ. ಕೋಲಿಗೆ ಹಚ್ಚುವ ಎಪಾಕ್ಸಿಗಳಲ್ಲಿ ಹೆಚ್ಚಿನವಕ್ಕೆ ಎರಡೂ ಸಮಪ್ರಮಾಣ. ಕಣ್ಣಳತೆ ಬೇಡ, ಸಿರಿಂಜಿನಲ್ಲೇ ಅಳೆಯಿರಿ. ಒಂದು ಹೆಚ್ಚಾದರೆ ಅದಕ್ಕೆ ಜೊತೆ ಸಿಗದೆ ಲೇಪ ಅಂಟಂಟಾಗಿಯೇ ಉಳಿಯುತ್ತದೆ. ಕಲಸಿದ ಬಟ್ಟಲು ಮುಟ್ಟಿದರೆ ಬಿಸಿ. ನಿಮ್ಮ ಪಾಠದ ಬಹಿರುಷ್ಣಕ ಕ್ರಿಯೆ ಇದೇ. ಅಗಲ ತಟ್ಟೆಗೆ ಸುರಿದರೆ ಶಾಖ ಬೇಗ ಹೊರಹೋಗಿ, ಬೇಗನೆ ಗಟ್ಟಿಯಾಗದೆ ಕೆಲಸಕ್ಕೆ ಸಮಯ ಸಿಗುತ್ತದೆ. ಗುಳ್ಳೆಗಳೂ ಮೇಲೆ ಬಂದು ಒಡೆಯುತ್ತವೆ.

ಇನ್ನೆರಡು ಎಚ್ಚರಿಕೆ. ನಮ್ಮ ಕೈಯಲ್ಲಿ ತೆಂಗಿನೆಣ್ಣೆ ಯಾವಾಗಲೂ ಉಂಟು. ಎಣ್ಣೆಯಾದ ಕಡೆ ಲೇಪ ಹರಡದೆ, ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಹಿಂದೆ ಸರಿದು ಗುಂಡಗಿನ ಗುಳಿ ಬೀಳುತ್ತದೆ. ಇದಕ್ಕೆ ಮೀನಿನ ಕಣ್ಣು ಅಂತಲೇ ಹೆಸರು! ಇನ್ನೊಂದು, ಗುರುತ್ವ. ಹಚ್ಚಿ ಸುಮ್ಮನೆ ಬಿಟ್ಟರೆ ಲೇಪ ಕೆಳಗಿಳಿದು ತೊಟ್ಟಿಕ್ಕುತ್ತದೆ. ಕೋಲು ತಿರುಗುತ್ತಲೇ ಇದ್ದರೆ 'ಕೆಳಗೆ' ಎಂಬುದೇ ಬದಲಾಗುತ್ತಾ ಇರುತ್ತದೆ, ಲೇಪ ಸಮವಾಗಿ ನಿಲ್ಲುತ್ತದೆ. ಇದಕ್ಕೆ ನಿಧಾನದ ಮೋಟಾರು ಸಿಗುತ್ತದೆ. ನನ್ನಲ್ಲಿ ಇರಲಿಲ್ಲ. ಎರಡು ಕುರ್ಚಿಯ ನಡುವೆ ಕೋಲು ಇಟ್ಟು, ನಾನೂ ಅಪ್ಪನೂ ಸರದಿಯಲ್ಲಿ ಕೂತು ಮೂರು ಗಂಟೆ ಕೈಯಲ್ಲೇ ತಿರುಗಿಸಿದೆವು. ಆಗ ಅವರು ಹೇಳಿದಷ್ಟು ಹೊಳೆಯ ಕಥೆಗಳನ್ನು ನಾನು ಮೊದಲು ಕೇಳಿಯೇ ಇರಲಿಲ್ಲ.

ನೀವೂ ಒಂದು ಪ್ರಯೋಗ ಮಾಡಿ. ಬಿದಿರಿನ ಸೀಳಿನ ಮೇಲೆ ಪೆನ್ಸಿಲ್, ಬಾಲ್‌ಪೆನ್, ಮಾರ್ಕರ್ ಮತ್ತು ದೀಪದ ಮಸಿಯಿಂದ ಒಂದೊಂದು ಅಕ್ಷರ ಬರೆಯಿರಿ. ಇಂಥ ಮೂರು ಸೀಳು ಬೇಕು. ಒಂದಕ್ಕೆ ನೀರು, ಒಂದಕ್ಕೆ ಸ್ಪಿರಿಟ್, ಒಂದಕ್ಕೆ ಬಣ್ಣವಿಲ್ಲದ ಉಗುರುಬಣ್ಣ ಹಚ್ಚಿ. ಯಾವುದು ಕರಗಿ ಹರಡಿತು, ಯಾವುದು ಬರೀ ಉಜ್ಜಿಹೋಯಿತು, ಯಾವುದು ಹಾಗೇ ಉಳಿಯಿತು? ಪಟ್ಟಿ ಮಾಡಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಎಪಾಕ್ಸಿ ಮಾತ್ರ ದೊಡ್ಡವರ ಜೊತೆ, ಕೈಗವಸು ಹಾಕಿಯೇ. ಚರ್ಮಕ್ಕೆ ತಾಗಿದರೆ ಅಲರ್ಜಿ ಆಗಬಹುದು.

ಏನೇ ಹಚ್ಚುವುದಿದ್ದರೂ ಮೊದಲು ಬೇಡದ ತುಂಡಿನ ಮೇಲೆ ಪರೀಕ್ಷಿಸಿ. ನಾನು ಹಾಗೆ ಮಾಡಿದ್ದರೆ ಅಪ್ಪನ ಬಿದಿರನ್ನು ಎರಡು ಸಲ ಉಜ್ಜಿ ತೆಳ್ಳಗೆ ಮಾಡಬೇಕಾಗಿರಲಿಲ್ಲ. ಒಂದು ಮಳೆಗಾಲ ಕಳೆಯಿತು. ಅಕ್ಷರಗಳು ಹಾಗೇ ಉಂಟು. ಹೊಳೆಬದಿಯಲ್ಲಿ ಯಾರಾದರೂ ಕೋಲು ನೋಡಿದರೆ ಅಪ್ಪ ಮೊದಲು ತೋರಿಸುವುದು ಮೀನನ್ನಲ್ಲ, ಹೆಸರನ್ನು.